ಬೆಳಿಗ್ಗೆ ಒಂಬತ್ತಕ್ಕೆ ಹೊಳೆ ನಿಲ್ಲುತ್ತದೆ, ಮೀನು ಎಲ್ಲಿಗೆ ಹೋಗಬೇಕು?

ಹೊಳೆದಂಡೆ ಹುಡುಗ

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿ ದಡಕ್ಕೆ ಅಂಟಿಕೊಂಡೇ ಇದೆ. ನಮ್ಮದು ಬೆಸ್ತರ ಮನೆ. ತಾತ, ಅಪ್ಪ ಇಬ್ಬರೂ ತೆಪ್ಪ ನಂಬಿ ಬದುಕಿದವರು. ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಆದರೂ ಭಾನುವಾರ ಬಂತು ಅಂದರೆ ಹೊಳೆಗೆ ಹೋಗದೆ ಇರಲು ಆಗುವುದಿಲ್ಲ.

ಮೊನ್ನೆ ಭಾನುವಾರ ನಡೆದದ್ದು ಹೇಳುತ್ತೇನೆ. ನಮ್ಮೂರಿಂದ ಒಂದೂವರೆ ಕಿಲೋಮೀಟರ್ ಮೇಲಕ್ಕೆ ಒಂದು ಸಣ್ಣ ಜಲವಿದ್ಯುತ್ ಘಟಕ ಇದೆ. ಹೆಸರು ಬೇಡ. ಹೊಳೆಗೆ ಅಡ್ಡ ಒಡ್ಡು ಹಾಕಿ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿದ್ದಾರೆ. ಆ ನೀರು ಟರ್ಬೈನ್ ತಿರುಗಿಸಿ, ನಮ್ಮೂರು ದಾಟಿದ ಮೇಲೆ ವಾಪಸ್ ಹೊಳೆಗೆ ಸೇರುತ್ತದೆ. ಒಡ್ಡು ದಾಟಿ ಬರುವ ನೀರಷ್ಟೇ ನಮ್ಮ ಪಾಲು.

ಬೆಳಿಗ್ಗೆ ಆರಕ್ಕೆ ಅಕ್ಕನ ಮಗನನ್ನು ಕರೆದುಕೊಂಡು ಹೋದಾಗ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಒಂಬತ್ತರ ಹೊತ್ತಿಗೆ ಸದ್ದು ನಿಂತಿತು. ಹೊಳೆ ಪಕ್ಕ ಹುಟ್ಟಿದವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಅರ್ಧ ಗಂಟೆಯಲ್ಲಿ ಬಂಡೆಗಳೆಲ್ಲ ಎದ್ದು ನಿಂತವು. ಬಂಡೆ ಸಂದಿಯ ಒಂದು ಗುಂಡಿಯಲ್ಲಿ ಬಗ್ಗಿ ನೋಡಿದೆ. ಅನ್ನದ ತಪ್ಪಲೆಯಷ್ಟು ಜಾಗ. ಅದರಲ್ಲಿ ಗೆಂಡೆ ಮರಿ, ಸಣ್ಣ ಪಕ್ಕೆ, ಒಂದು ಗೇಣುದ್ದದ ಬಾಳೆ ಮೀನು, ಎರಡು ಏಡಿ. ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು. ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದವು. ಕೈ ಇಟ್ಟರೆ ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು.

ನಾವಿಬ್ಬರೂ ಬಕೆಟ್‌ನಲ್ಲಿ ತುಂಬಿ ತುಂಬಿ ಕೆಳಗಿನ ಮಡುವಿಗೆ ಬಿಟ್ಟೆವು. ಒಂಬತ್ತು ಸಲ ಓಡಾಡಿದೆವು. ಅಂಥ ಗುಂಡಿ ಎಷ್ಟಿದ್ದವೋ. ಹನ್ನೊಂದರ ಬಿಸಿಲಿಗೆ ಉಳಿದವು ಹೊಟ್ಟೆ ಮೇಲಾದವು, ಕಾಗೆ ಇಳಿದವು. ಸಂಜೆ ಆರೂವರೆಗೆ ನೀರು ಮತ್ತೆ ಬಂತು.

ನನ್ನ ಪ್ರಶ್ನೆ ಇಷ್ಟೇ. ಬೇಸಿಗೆಯಲ್ಲಿ ದಿನಾ ಹೀಗೆ ಹೊಳೆಯನ್ನು ಹಾಕಿ ತೆಗೆಯಬಹುದಾ? ಸ್ವಲ್ಪ ನೀರಾದರೂ ಇಪ್ಪತ್ನಾಲ್ಕು ಗಂಟೆ ಹರಿಯಲಿ ಅಂತ ಕೇಳುವುದು ತಪ್ಪಾ?

ಪವರ್‌ಹೌಸ್ ನಿವೃತ್ತ

ತಮ್ಮ, ನೀನು ಬರೆದಿದ್ದು ಓದಿ ಬೇಜಾರಾಯಿತು. ನಾನು 31 ವರ್ಷ ಪವರ್‌ಹೌಸ್‌ಗಳಲ್ಲಿ ಕೆಲಸ ಮಾಡಿದವನು. ಯಾಕೆ ಹೀಗಾಗುತ್ತದೆ ಅಂತ ಹೇಳುತ್ತೇನೆ, ಸಮರ್ಥನೆ ಅಂದುಕೊಳ್ಳಬೇಡ.

ಟರ್ಬೈನಿಗೆ ಕನಿಷ್ಠ ಇಷ್ಟು ನೀರು ಅಂತ ಬೇಕು. ಅದಕ್ಕಿಂತ ಕಡಿಮೆ ಬಿಟ್ಟರೆ ಯಂತ್ರ ನಡುಗುತ್ತದೆ, ಬ್ಲೇಡ್ ಹಾಳಾಗುತ್ತದೆ. ಮಳೆಗಾಲದಲ್ಲಿ ತೊಂದರೆ ಇಲ್ಲ. ಬೇಸಿಗೆಯಲ್ಲಿ ಹೊಳೆಯಲ್ಲಿ ಅಷ್ಟು ನೀರೇ ಇರುವುದಿಲ್ಲ. ಆಗ ಒಡ್ಡಿನ ಗೇಟು ಮುಚ್ಚಿ ಹಿಂದೆ ನೀರು ತುಂಬಿಸಿಕೊಳ್ಳುತ್ತಾರೆ. ಸಂಜೆ ಕರೆಂಟಿಗೆ ಬೇಡಿಕೆ ಜಾಸ್ತಿ ಇರುವಾಗ ಯಂತ್ರ ಓಡಿಸಿ, ಒಡ್ಡಿನ ಗೇಟೂ ತೆರೆದು, ಬೆಳಿಗ್ಗೆ ಮತ್ತೆ ಮುಚ್ಚುತ್ತಾರೆ. ನೀನು ಕಂಡಿದ್ದು ಅದೇ.

ಆದರೆ ಒಂದು ಮಾತು. ಈ ಹೊಳೆಯ ಕರೆಂಟನ್ನು ಬೈದು ನಾವು ಬದುಕಲು ಆಗುವುದಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹಾಕಿದ ಯೋಜನೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದೇ ನೀರಿನಿಂದ. ಕನ್ನಂಬಾಡಿ ಕಟ್ಟುವಾಗಲೂ ನೀರಾವರಿಯ ಜೊತೆಗೆ ಶಿವನಸಮುದ್ರದ ಟರ್ಬೈನಿಗೆ ವರ್ಷವಿಡೀ ಒಂದೇ ಸಮ ನೀರು ಸಿಗಲಿ ಅನ್ನುವ ಲೆಕ್ಕ ಇತ್ತು. ಕಲ್ಲಿದ್ದಲು ಸುಡದೆ, ಹೊಗೆ ಬಿಡದೆ ಬರುವ ಕರೆಂಟು ಅದು.

ಕಬ್ಬಿನಗದ್ದೆ

ಮೀನಿಗೆ ನೀರು ಬಿಡಿ ಅನ್ನುವವರು ಒಂದು ಸಲ ನಾಲೆಯ ಕೊನೆ ಭಾಗಕ್ಕೆ ಬನ್ನಿ. ನಮ್ಮದು ಮದ್ದೂರು ಕಡೆ. ಕಟ್ಟು ನೀರಿನಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಮೇಲಿನವರು ಹೀರಿ ಮುಗಿಸಿರುತ್ತಾರೆ. 2023ರ ಬರದಲ್ಲಿ ನಮ್ಮ ಕಬ್ಬು ನಿಂತಲ್ಲೇ ಸೌದೆಯಾಯಿತು. ಆ ವರ್ಷ ಮಂಡ್ಯ ಬಂದ್ ಆದಾಗ ನಾನೂ ರಸ್ತೆಯಲ್ಲಿ ಕೂತಿದ್ದೆ. ತಮಿಳುನಾಡಿಗೆ ಅಷ್ಟು, ಬೆಂಗಳೂರಿಗೆ ಇಷ್ಟು, ಈಗ ಮೀನಿಗೂ ಒಂದು ಪಾಲು. ರೈತನಿಗೆ ಉಳಿಯುವುದೇನು?

ಹೊಳೆದಂಡೆ ಹುಡುಗ

ಗೌಡ್ರೆ, ನಿಮ್ಮ ಸಂಕಟ ಗೊತ್ತು. ನಮ್ಮ ದೊಡ್ಡಪ್ಪನ ಗದ್ದೆಯೂ ನಾಲೆ ಬಾಲದಲ್ಲೇ ಇದೆ. ಆದರೆ ನಾನು ಕೇಳುತ್ತಿರುವುದು ನಾಲೆ ನೀರನ್ನಲ್ಲ. ಟರ್ಬೈನಿಗೆ ಹೋದ ನೀರು ಖರ್ಚಾಗುವುದಿಲ್ಲ, ವಾಪಸ್ ಹೊಳೆಗೇ ಬರುತ್ತದೆ. ಅದರಲ್ಲಿ ಒಂದು ಪಾಲು ಕಾಲುವೆಗೆ ಹೋಗುವ ಬದಲು ಒಡ್ಡು ದಾಟಿ ಹೊಳೆಯಲ್ಲೇ ಬಂದರೆ ನಿಮ್ಮ ಗದ್ದೆಗೆ ಒಂದು ಚೊಂಬು ನೀರೂ ಕಡಿಮೆ ಆಗುವುದಿಲ್ಲ. ಕಡಿಮೆ ಆಗುವುದು ಘಟಕದವರ ಕರೆಂಟು ಮಾತ್ರ.

ಪವರ್‌ಹೌಸ್ ನಿವೃತ್ತ

ಇದು ಸರಿ. ಹುಡುಗ ಹೇಳಿದ್ದು ಲೆಕ್ಕಕ್ಕೆ ಕೂರುತ್ತದೆ. ನೀರಾವರಿ ನೀರನ್ನು ಬಳಸಿ ಮುಗಿಸುತ್ತದೆ, ಪವರ್‌ಹೌಸ್ ಬಳಸಿ ಬಿಡುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಕಬ್ಬಿನಗದ್ದೆ

ಹಂಗಾದ್ರೆ ನನ್ನ ತಕರಾರು ಅಷ್ಟಿಲ್ಲ. ಆದರೂ ನೀರಿನ ವಿಷಯದಲ್ಲಿ ಯಾರು ಏನು ಹೇಳಿದರೂ ನಮಗೆ ಮೊದಲು ಅನುಮಾನವೇ ಬರುವುದು.

ಗಾಳಗಾರ ಮೈಸೂರು

ನಲವತ್ತು ವರ್ಷದಿಂದ ಗಾಳ ಹಾಕಿದವನು ನಾನು. ಒಡ್ಡಿನ ಮೇಲೆ ಎಲ್ಲ ತಪ್ಪನ್ನೂ ಹಾಕಬೇಡಿ. ಕಾವೇರಿಯ ಬಿಳಿ ಮೀನನ್ನು, ಅಂದರೆ ಮಹಶೀರನ್ನು, ಮುಗಿಸಿದ್ದು ಸಿಡಿಮದ್ದು. ಒಂದು ಡೈನಮೈಟ್ ಮಡುವಿಗೆ ಎಸೆದರೆ ದೊಡ್ಡದು ಚಿಕ್ಕದು ಅನ್ನದೆ ಇಡೀ ಮಡುವೇ ಖಾಲಿ. ನಾಲ್ಕಾಣೆ ಭಾಗ ತೇಲುತ್ತದೆ, ಹನ್ನೆರಡಾಣೆ ಭಾಗ ತಳದಲ್ಲಿ ಕೊಳೆಯುತ್ತದೆ. ಗಾಳದವರು ಕ್ಯಾಂಪ್ ಮಾಡಿಕೊಂಡಿದ್ದಾಗ ಕಾವಲಿತ್ತು. ಸ್ಥಳೀಯ ಹುಡುಗರಿಗೇ ಕೆಲಸ ಕೊಟ್ಟು ಹೊಳೆ ಕಾಯಿಸುತ್ತಿದ್ದರು.

ಇನ್ನೊಂದು. ಮೀನು ಕಡಿಮೆಯಾದರೆ ಮರಿ ತಂದು ಬಿಡಬಹುದಲ್ಲ? ಬಿಟ್ಟಿದ್ದಾರೆ ಕೂಡ. ನಾನೇ ಹಿಡಿದು ಬಿಟ್ಟಿದ್ದೇನೆ, ಒಳ್ಳೊಳ್ಳೆ ಮಹಶೀರ್ ಇವೆ ಈಗಲೂ.

ಜೀವಶಾಸ್ತ್ರ ಮೇಡಂ

ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮೀನು ನನ್ನ ವಿಷಯ. ಗಾಳಗಾರ ಸಾರ್ ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ನಿಜ. ಎರಡನೆಯದು ನನಗೆ ತುಂಬಾ ನೋವು ಕೊಡುವ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈಗ ನೀವು ಹಿಡಿಯುವ ಮಹಶೀರ್ ನಮ್ಮ ಹೊಳೆಯದ್ದಲ್ಲ ಸಾರ್. ಅದರ ರೆಕ್ಕೆ ನೀಲಿ ಇರುತ್ತದೆ ಅಲ್ವಾ? ಅದು ಟಾರ್ ಖುದ್ರೀ. ಕೃಷ್ಣಾ ಕಡೆಯ ಮೀನು, ಲೋಣಾವಳದಲ್ಲಿ ಮರಿ ಮಾಡಿಸಿ ಇಲ್ಲಿಗೆ ತಂದು ಬಿಟ್ಟಿದ್ದು. ಕಾವೇರಿಯದ್ದೇ ಆದ ಮಹಶೀರ್ ಬೇರೆ. ತಲೆಯ ಹಿಂದೆ ಗೂನು, ರೆಕ್ಕೆ ಕಿತ್ತಳೆ ಬಣ್ಣ. ಕಾವೇರಿ ಮತ್ತು ಅದರ ಉಪನದಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಒಬ್ಬ ಆಳಿನ ತೂಕ.

ಇಷ್ಟು ದೊಡ್ಡ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿ ಅಂತ ಖಚಿತವಾಯಿತು. ಕಾವೇರಿ ಕಡೆಗೇ ಹರಿಯುವ ಕೇರಳದ ಪಾಂಬಾರ್ ಹೊಳೆಯಲ್ಲಿ 2007ರಲ್ಲೇ ಸಣ್ಣ ಮರಿಗಳನ್ನು ನೋಡಿ ಆ ಹೆಸರು ಇಟ್ಟಿದ್ದರು, ದೊಡ್ಡ ಗೂನು ಮೀನು ಅದೇ ಅಂತ ಯಾರಿಗೂ ಹೊಳೆದಿರಲಿಲ್ಲ. ಹೆಸರು ಸಿಕ್ಕ ವರ್ಷವೇ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಹುಲಿಗಿಂತ ಒಂದು ಮೆಟ್ಟಿಲು ಹೆಚ್ಚು ಅಪಾಯದ ಪಟ್ಟಿ ಅದು.

ಇದು ಕಡಿಮೆಯಾಗುತ್ತಿದೆ ಅಂತ ಗೊತ್ತಾಗಿದ್ದು ಹೇಗೆ ಗೊತ್ತಾ? ನಿಮ್ಮಂಥ ಗಾಳಗಾರರ ನೋಟ್‌ಬುಕ್‌ನಿಂದ. ಕಾವೇರಿ ದಡದ ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಅದನ್ನು ಕೂತು ನೋಡಿದಾಗ ನೀಲಿ ರೆಕ್ಕೆಯದ್ದು ಏರುತ್ತಾ, ಗೂನು ಮೀನು ಇಳಿಯುತ್ತಾ ಹೋಗಿದ್ದು ಕಂಡಿತು. ಒಟ್ಟು ಮೀನು ಜಾಸ್ತಿಯಾಗಿದೆ ಅಂತ ಎಲ್ಲರೂ ಖುಷಿಯಲ್ಲಿದ್ದರು. ಒಳಗೆ ನಮ್ಮದು ಮುಗಿಯುತ್ತಾ ಬಂದಿತ್ತು.

ಗಾಳಗಾರ ಮೈಸೂರು

ಮೇಡಂ, ನೀಲಿ ರೆಕ್ಕೆ ಅಂದಾಗ ಕೈ ತಣ್ಣಗಾಯಿತು. ಹಳೆಯ ಫೋಟೋ ತೆಗೆದು ನೋಡಿದೆ. ಎಂಬತ್ತರ ದಶಕದ ಎರಡು ಫೋಟೋದಲ್ಲಿ ಗೂನಿದೆ. ಆಮೇಲಿನ ಯಾವುದರಲ್ಲೂ ಇಲ್ಲ. ಇಷ್ಟು ವರ್ಷ ಇದನ್ನು ನಾನು ಗಮನಿಸಿಯೇ ಇರಲಿಲ್ಲ.

ಪವರ್‌ಹೌಸ್ ನಿವೃತ್ತ

ಮೇಡಂ, ಒಂದು ಸಂದೇಹ. ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಎರಡೂ ಇವೆ. ಅಷ್ಟೆತ್ತರದ ಜಲಪಾತವನ್ನು ಯಾವ ಮೀನೂ ಹತ್ತುವುದಿಲ್ಲ. ಪ್ರಕೃತಿಯೇ ಅಲ್ಲಿ ಗೋಡೆ ಕಟ್ಟಿದೆ. ಮತ್ತೆ ನಮ್ಮ ಕಡೆ ಅಣೆಕಟ್ಟೆಗಳು ಇವತ್ತಿನವಲ್ಲ. ಮಾಧವಮಂತ್ರಿ ಅಣೆ, ಬಂಗಾರದೊಡ್ಡಿ ಅಣೆ ಎಲ್ಲ ರಾಜರ ಕಾಲದವು. ಬಂಗಾರದೊಡ್ಡಿ ನಾಲೆಯ ಅಣೆಯಿಂದಲೇ ರಂಗನತಿಟ್ಟಿನ ನಡುಗಡ್ಡೆಗಳಾದವು, ಹಕ್ಕಿ ಬಂದವು. ಆಗ ಸಾಯದ ಮೀನು ಈಗ ಯಾಕೆ ಸಾಯುತ್ತದೆ?

ಜೀವಶಾಸ್ತ್ರ ಮೇಡಂ

ಒಳ್ಳೆ ಪ್ರಶ್ನೆ ಸಾರ್. ಜಲಪಾತ ಸಾವಿರಾರು ವರ್ಷದಿಂದ ಇದೆ, ಮೀನು ಅದಕ್ಕೆ ಹೊಂದಿಕೊಂಡಿದೆ. ಮೇಲೂ ಇತ್ತು, ಕೆಳಗೂ ಇತ್ತು. ಕಬಿನಿ ಸೇರುವುದು ಜಲಪಾತಕ್ಕಿಂತ ಮೇಲೆ, ತಿರುಮಕೂಡಲಿನಲ್ಲಿ. 120 ಪೌಂಡಿನ ಮೀನು ಸಿಕ್ಕಿದ್ದು ಆ ಕಬಿನಿಯಲ್ಲೇ.

ಹಳೆಯ ಅಣೆಗಳು ತಗ್ಗು, ಕಲ್ಲು ಪೇರಿಸಿದ್ದು, ಇಳಿಜಾರಾಗಿ ಕಟ್ಟಿದ್ದು. ಆಷಾಢದ ಪ್ರವಾಹ ಬಂದರೆ ಅಣೆಯೇ ಮುಳುಗಿಹೋಗುತ್ತದೆ. ಮೀನು ಅದರ ಮೇಲೆ ಈಜಿಕೊಂಡು ಹೋಗುತ್ತದೆ. ಮೊಟ್ಟೆ ಇಡಲು ಮೇಲಕ್ಕೆ ಹತ್ತುವುದೂ ಅದೇ ಕಾಲ. ಮುಖ್ಯ ಅಂದರೆ ಆ ಅಣೆ ನೀರನ್ನು ಹಿಡಿದು ಬಿಟ್ಟು ಮಾಡುವುದಿಲ್ಲ. ನಾಲೆಗೆ ಹೋಗಿ ಉಳಿದ ನೀರು ಬಂದ ಹಾಗೆ ಹೋಗುತ್ತದೆ.

ಈಗಿನ ದೊಡ್ಡ ಡ್ಯಾಮ್ ಮೂರು ಕೆಲಸ ಮಾಡುತ್ತದೆ. ದಾರಿ ಮುಚ್ಚುತ್ತದೆ. ಮುಂಗಾರಿನ ಮೊದಲ ಕೆಂಪು ನೀರನ್ನು ತಾನೇ ನುಂಗುತ್ತದೆ. ಆ ನೀರೇ ಮೀನಿಗೆ ಈಗ ಹೊರಡು ಅನ್ನುವ ಕರೆ. ಮೂರನೆಯದು, ಮರಳು ಮತ್ತು ಜಲ್ಲಿಕಲ್ಲನ್ನು ಹಿಂದೆ ತಡೆದಿಡುತ್ತದೆ. ಮಹಶೀರ್ ಹರಿಯುವ ನೀರಿನ ತಳದ ಜಲ್ಲಿಯ ಮೇಲೆ ಮೊಟ್ಟೆ ಇಡುವ ಮೀನು. ಕೆಳಗಿನ ಹೊಳೆಗೆ ಹೊಸ ಜಲ್ಲಿ ಬರುವುದಿಲ್ಲ, ಇದ್ದ ಮರಳನ್ನು ನಾವು ಲಾರಿಯಲ್ಲಿ ಸಾಗಿಸುತ್ತೇವೆ. ಡ್ಯಾಮ್ ತಳದಿಂದ ಬರುವ ನೀರು ತಣ್ಣಗಿರುತ್ತದೆ, ಅದರಲ್ಲಿ ಆಮ್ಲಜನಕವೂ ಕಡಿಮೆ ಇರಬಹುದು. ಟರ್ಬೈನಿನೊಳಗೆ ಸಿಕ್ಕ ಮೀನು ಬ್ಲೇಡಿಗೆ ಬಡಿದು ಸಾಯಬಹುದು. ಬಡಿಯದಿದ್ದರೂ ಒತ್ತಡ ಥಟ್ಟನೆ ಇಳಿದು ಅದರ ಗಾಳಿಚೀಲ ಒಡೆಯಬಹುದು.

ಸಮುದ್ರದಿಂದ ಬರುವ ಮೀನಿನ ಕಥೆ ಇನ್ನೂ ನೇರ. ಹಿಲ್ಸಾ ಒಂದು ಕಾಲಕ್ಕೆ ಕಾವೇರಿಯಲ್ಲಿ ಮೇಲಕ್ಕೆ ಬರುತ್ತಿತ್ತು. 1934ರಲ್ಲಿ ಮೆಟ್ಟೂರು ಡ್ಯಾಮ್ ಆದ ಮೇಲೆ ಆ ಮೀನುಗಾರಿಕೆ ಮುಗಿದೇ ಹೋಯಿತು.

ಹಿನ್ನೀರು ತೆಪ್ಪ

ನಾನು ಎಚ್.ಡಿ.ಕೋಟೆ ಕಡೆಯವನು, ಕಬಿನಿ ಹಿನ್ನೀರಿನಲ್ಲಿ ಬಲೆ ಹಾಕುತ್ತೇನೆ. ಇಲ್ಲಿ ಎಲ್ಲರೂ ಡ್ಯಾಮ್ ಮೀನನ್ನು ಕೊಂದಿತು ಅಂತಿದ್ದೀರಿ. ನಮ್ಮ ಮನೆ ಒಲೆ ಉರಿಯುತ್ತಿರುವುದು ಡ್ಯಾಮ್ ಮೀನಿನಿಂದಲೇ. 1974ರಲ್ಲಿ ಕಟ್ಟೆ ಮುಗಿದಾಗ ನಮ್ಮ ಅಪ್ಪನ ಊರು ಮುಳುಗಿತು. ಗದ್ದೆ ಹೋಯಿತು, ತೆಪ್ಪ ಹಿಡಿದರು. ಕಾಟ್ಲಾ, ರೋಹು, ಜಿಲೇಬಿ ಅನ್ನುವ ತಿಲಾಪಿಯಾ ಸಿಗುತ್ತವೆ. ಒಳ್ಳೆ ದಿನ ಒಂದು ಕಾಟ್ಲಾನೇ ಹತ್ತು ಕಿಲೋ ತೂಗುತ್ತದೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೀನಂಗಡಿ ಅಕ್ಕ

ಅಣ್ಣ ಹೇಳಿದ್ದು ನಿಜ. ಆದ್ರೆ ನಾನು ಇಪ್ಪತ್ತು ವರ್ಷದಿಂದ ಮೈಸೂರಲ್ಲಿ ಮೀನು ಮಾರ್ತೀನಿ. ಮೊದ್ಲು ಬುಟ್ಟಿಯಲ್ಲಿ ಹೊಳೆ ಮೀನು ಅಂತ ಬೇರೆ ಇಡ್ತಿದ್ದೆ. ಗೆಂಡೆ, ಬಾಳೆ, ಕೊರವ, ಏನೇನೋ ಸಣ್ಣ ಮೀನು. ಬಾಣಂತಿಗೆ ಬೇಕು ಅಂತ ಕೇಳ್ಕೊಂಡು ಬರೋರು. ಈಗ ಕೇಳೋರು ಇದ್ದಾರೆ, ಮೀನಿಲ್ಲ. ಕೆರೆದು, ಡ್ಯಾಮಿಂದು, ಆಂಧ್ರದಿಂದ ಐಸ್ ಹಾಕಿ ಬಂದಿದ್ದು, ಅಷ್ಟೇ.

ಜೀವಶಾಸ್ತ್ರ ಮೇಡಂ

ತೆಪ್ಪದ ಅಣ್ಣ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಹಿನ್ನೀರಿನಲ್ಲಿ ಮೀನಿನ ತೂಕ ಜಾಸ್ತಿ ಸಿಗುತ್ತದೆ, ಅದು ಸಾವಿರಾರು ಮನೆಗೆ ಅನ್ನ. ಆದರೆ ಒಂದು ವಿಷಯ ನಿಮಗೂ ಗೊತ್ತು. ಕಾಟ್ಲಾ, ರೋಹು ಎರಡೂ ಗಂಗೆಯ ಕಡೆಯಿಂದ ತಂದ ಮೀನು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಹರಿಯುವ ಪ್ರವಾಹವೇ ಬೇಕು. ಅದಕ್ಕೇ ಮರಿ ತಂದು ಬಿಡುತ್ತಲೇ ಇರಬೇಕು. ಬಿಡುವುದು ನಿಲ್ಲಿಸಿದರೆ ನಿಮ್ಮ ಬಲೆಯಲ್ಲಿ ಉಳಿಯುವುದು ಜಿಲೇಬಿ ಮಾತ್ರ.

ಹಿನ್ನೀರು ತೆಪ್ಪ

ಅದು ಹೌದು ಮೇಡಂ. ಮರಿ ಬಿಡುವುದು ತಡವಾದ ವರ್ಷ ಬರೀ ಜಿಲೇಬಿ. ಅಪ್ಪ ಬಿಳಿ ಮೀನಿನ ಹುರುಪೆ ತಂದು ತೋರಿಸಿದ್ದರು, ನನ್ನ ಅಂಗೈಯಷ್ಟಿತ್ತು. ನಾನು ಮೀನನ್ನು ನೋಡೇ ಇಲ್ಲ. ಈಗಲೂ ಹುರುಪೆ ಮನೆಯಲ್ಲಿದೆ, ದೇವರ ಫೋಟೋ ಹಿಂದೆ.

ಗಾಳಗಾರ ಮೈಸೂರು

ಆ ಹುರುಪೆ ಜೋಪಾನ ಅಣ್ಣ.

ಹಳೆ ಬಸ್ ಸ್ಟಾಂಡ್

ಅಮೆರಿಕದಲ್ಲಿ ಕ್ಲಾಮತ್ ಅನ್ನುವ ಹೊಳೆಯಲ್ಲಿ ನಾಲ್ಕು ಡ್ಯಾಮ್ ಒಡೆದು ಹಾಕಿದರು, 2024ರಲ್ಲಿ ಮುಗಿಯಿತು. ಅದೇ ವರ್ಷ ಸಾಲ್ಮನ್ ಮೀನು ನೂರು ವರ್ಷದಿಂದ ಹೋಗದ ಜಾಗಕ್ಕೆ ವಾಪಸ್ ಹೋದವು. ಇಲ್ಲೂ ಹಾಗೆ ಮಾಡಲು ಯಾಕಾಗುವುದಿಲ್ಲ?

ಕಬ್ಬಿನಗದ್ದೆ

ಕನ್ನಂಬಾಡಿ ಒಡೆಯಿರಿ ಅಂತೀರಾ? ಮಂಡ್ಯದಲ್ಲಿ ನಿಂತು ಈ ಮಾತು ಜೋರಾಗಿ ಹೇಳಿ ನೋಡಿ. ನಮ್ಮಜ್ಜಿ ಕಟ್ಟೆ ಬರುವ ಮುಂಚೆ ರಾಗಿಗೂ ಪರದಾಡಿದವರು. ನಮಗೆ ಅದು ದೇವಸ್ಥಾನ.

ಪವರ್‌ಹೌಸ್ ನಿವೃತ್ತ

ಒಡೆಯುವ ಮಾತು ಇಲ್ಲಿಗೆ ಹೊಂದುವುದಿಲ್ಲ. ಕ್ಲಾಮತ್‌ನಲ್ಲಿ ಒಡೆದಿದ್ದು ವಿದ್ಯುತ್ತಿಗೆ ಕಟ್ಟಿದ್ದ ಹಳೆಯ ಡ್ಯಾಮ್‌ಗಳು, ನೀರಾವರಿಗೆ ಅಲ್ಲ. ಕೆ.ಆರ್.ಎಸ್. ಕುಡಿಯುವ ನೀರೂ ಹೌದು, ಬೆಳೆಯೂ ಹೌದು.

ಮೀನಿನ ಏಣಿ ಕಟ್ಟಿ ಅನ್ನುವವರೂ ಇದ್ದಾರೆ. ನಾನು ಅದರ ನಕ್ಷೆ ನೋಡಿದ್ದೇನೆ. ಹಾರಿ ಹತ್ತುವ ಸಾಲ್ಮನ್‌ಗೆ ಅಂತ ಮಾಡಿದ ಮೆಟ್ಟಿಲು ನಮ್ಮ ಗೆಂಡೆ, ಬಾಳೆಗೆ ಆಗುವುದಿಲ್ಲ. ತಗ್ಗು ಒಡ್ಡಿನ ಪಕ್ಕದಲ್ಲಿ ಕಲ್ಲು ಹಾಕಿ ಇಳಿಜಾರು ಮಾಡಿದರೆ ಪ್ರಯೋಜನ ಆಗಬಹುದು. ಹಳೆಯ ಅಣೆಯ ಹಾಗೆ. ಮೇಡಂ ಹೇಳಿದ್ದು ಕೇಳಿದ ಮೇಲೆ ಅನ್ನಿಸಿತು, ರಾಜರ ಕಾಲದ ಕಲ್ಲುಕುಟಿಗ ಗೊತ್ತಿಲ್ಲದೆಯೇ ಮೀನಿಗೆ ದಾರಿ ಬಿಟ್ಟಿದ್ದ.

ಕಾನೂನು ಓದುವವಳು

ಮಂಡ್ಯದವಳು, ಮೈಸೂರಿನಲ್ಲಿ ಎಲ್‌ಎಲ್‌ಬಿ ಓದುತ್ತಿದ್ದೇನೆ. ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಒಂದೆರಡು ವಿಷಯ ಸೇರಿಸುತ್ತೇನೆ.

2006ರ ಪರಿಸರ ಅಧಿಸೂಚನೆ ಪ್ರಕಾರ 25 ಮೆಗಾವಾಟಿಗಿಂತ ಕಡಿಮೆ ಇರುವ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಬೇಕಿಲ್ಲ. ಅಂದರೆ ಮೀನಿಗೆ ಏನಾಗುತ್ತದೆ ಅಂತ ಕಟ್ಟುವ ಮೊದಲು ಯಾರೂ ನೋಡುವುದಿಲ್ಲ, ಊರಿನವರನ್ನು ಕೂರಿಸಿ ಕೇಳುವುದೂ ಇಲ್ಲ. ಸಣ್ಣದು ಅಂದರೆ ನಿರಪಾಯ ಅನ್ನುವ ಲೆಕ್ಕ. ಒಂದೇ ಹೊಳೆಗೆ ಸಾಲಾಗಿ ನಾಲ್ಕು ಸಣ್ಣವು ಬಂದರೂ ಒಂದೊಂದನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ.

ಎರಡನೆಯದು, ಹೊಳೆಯಲ್ಲಿ ಇಷ್ಟು ನೀರು ಹರಿಯಲೇಬೇಕು ಅನ್ನುವ ನಿಯಮ ದೇಶದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಗಂಗಾ ನದಿಗೆ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಹರಿದ್ವಾರದವರೆಗಿನ ಮೇಲಿನ ಭಾಗದಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ತಿಂಗಳ ಸರಾಸರಿ ಹರಿವಿನ ಶೇ. 20, ಮಳೆಗಾಲದಲ್ಲಿ ಶೇ. 30 ಬಿಡಬೇಕು. ಗಂಗೆಗೆ ಇದ್ದಿದ್ದು ಕಾವೇರಿಗೆ ಯಾಕಿಲ್ಲ ಅಂತ ನಾವು ಕೇಳಬಹುದು.

ಮತ್ತೆ ಗೌಡ್ರೆ, ಮೀನಿಗೆ ಹೊಸದಾಗಿ ಪಾಲು ಕೇಳುತ್ತಿಲ್ಲ. 2007ರ ಕಾವೇರಿ ನ್ಯಾಯಮಂಡಳಿ ತೀರ್ಪಿನಲ್ಲೇ 740 ಟಿಎಂಸಿಯಲ್ಲಿ 10 ಟಿಎಂಸಿ ಪರಿಸರಕ್ಕೆ ಅಂತ ಎತ್ತಿಟ್ಟಿದ್ದಾರೆ.

ಕಬ್ಬಿನಗದ್ದೆ

ಹತ್ತು ಟಿಎಂಸಿ ಇಟ್ಟಿದ್ದಾರಾ? ಇಷ್ಟು ವರ್ಷದ ಹೋರಾಟದಲ್ಲಿ ನನ್ನ ಕಿವಿಗೆ ಇದು ಬಿದ್ದಿಲ್ಲ ತಾಯಿ. ಒಂದು ಮಾತು ಹೇಳಿಬಿಡುತ್ತೇನೆ, ನಮ್ಮ ನಾಲೆಯಲ್ಲಿ ಮೊದಲು ನೀರುನಾಯಿ ಬರುತ್ತಿದ್ದವು. ಐದಾರು ಒಟ್ಟಿಗೆ ಬಂದು ಮೀನು ಹಿಡಿದು ಬದುವಿನ ಮೇಲೆ ಕೂತು ತಿನ್ನುತ್ತಿದ್ದವು. ನನ್ನ ಮಗಳಿಗೆ ತೋರಿಸೋಣ ಅಂತ ಮೂರು ವರ್ಷದಿಂದ ಕಾಯುತ್ತಿದ್ದೇನೆ.

ಹಳೆ ಬಸ್ ಸ್ಟಾಂಡ್

ಮೇಕೆದಾಟು ವಿಷಯ ಯಾರೂ ಎತ್ತಲಿಲ್ಲ. ಅಲ್ಲಿ ಕಟ್ಟಬೇಕೆಂದಿರುವ ಡ್ಯಾಮ್ 67 ಟಿಎಂಸಿ, 400 ಮೆಗಾವಾಟ್. ಮುಳುಗುವುದು ಹೆಚ್ಚಾಗಿ ಕಾವೇರಿ ವನ್ಯಧಾಮದ ಕಾಡು. ಆ ಗೂನು ಮೀನು ಇದ್ದಿದ್ದೂ ಆ ಭಾಗದ ಮಡುಗಳಲ್ಲೇ ಅಲ್ವಾ ಮೇಡಂ?

ಜೀವಶಾಸ್ತ್ರ ಮೇಡಂ

ಹೌದು. ಶಿವನಸಮುದ್ರದ ಕೆಳಗಿನಿಂದ ಮೇಕೆದಾಟುವರೆಗೆ ಬಂಡೆ, ರಭಸ, ಆಳದ ಮಡು ಇರುವ ಹೊಳೆ ಉಳಿದಿದೆ. ಅಲ್ಲಿ ನೀರು ನಿಂತರೆ ಆ ಮೀನಿಗೆ ನಮ್ಮ ರಾಜ್ಯದಲ್ಲಿ ಬೇರೆ ಅಂಥ ಜಾಗ ನನಗೆ ಕಾಣುವುದಿಲ್ಲ. ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ ಸ್ವಲ್ಪ ಉಳಿದಿವೆ.

ಕಬ್ಬಿನಗದ್ದೆ

ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಬರದ ವರ್ಷಕ್ಕೆ ಮೇಕೆದಾಟು ಬೇಕೇ ಬೇಕು. ಮಳೆಗಾಲದಲ್ಲಿ ಹೆಚ್ಚಾಗಿ ಹರಿದು ಹೋಗುವ ನೀರು ನಮ್ಮ ಕಣ್ಣೆದುರೇ ಹೋಗುತ್ತದೆ.

ಜೀವಶಾಸ್ತ್ರ ಮೇಡಂ

ಹೆಚ್ಚಾಗಿ ಹೋಯಿತು ಅನ್ನುವ ಆ ನೀರೇ ಮೀನಿಗೆ ಮೊಟ್ಟೆ ಇಡುವ ಕಾಲ ಗೌಡ್ರೆ. ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ. ಹಾಗಂತ ಹುಡುಗನ ಪ್ರಶ್ನೆಯನ್ನು ಇದರಲ್ಲಿ ಮುಳುಗಿಸುವುದು ಬೇಡ.

ಹೊಳೆದಂಡೆ ಹುಡುಗ

ಹೌದು, ನನ್ನ ಹೊಳೆ ಇವತ್ತು ಬೆಳಿಗ್ಗೆಯೂ ನಿಂತಿತು. ನಿನ್ನೆ ಘಟಕದ ಗೇಟಿನ ಹತ್ತಿರ ಹೋಗಿ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಾಗಿಯೇ ಮಾತಾಡಿದರು. ನೀರು ಯಾವಾಗಲೂ ಹರಿಯುತ್ತಿದೆ, ದಾಖಲೆಯಲ್ಲಿ ಹಾಗೇ ಇದೆ ಅಂದರು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಫೋಟೋದಲ್ಲಿ ಸಮಯ ಇಲ್ಲ ಅಂದರು.

ಪವರ್‌ಹೌಸ್ ನಿವೃತ್ತ

ಹಾಗಾದರೆ ಸಮಯ ಇರುವ ದಾಖಲೆ ನೀನೇ ಮಾಡು ತಮ್ಮ. ನಾನು ಹೇಳಿಕೊಡುತ್ತೇನೆ. ಒಡ್ಡಿನ ಕೆಳಗೆ, ಕಾಲುವೆ ವಾಪಸ್ ಸೇರುವ ಮೊದಲು, ಅಲುಗಾಡದ ಒಂದು ದೊಡ್ಡ ಬಂಡೆ ಆರಿಸು. ಅದರ ಪಕ್ಕಕ್ಕೆ ಟೇಪ್ ಹಿಡಿದು ಐದೈದು ಸೆಂಟಿಮೀಟರಿಗೆ ಬಿಳಿ ಪೇಂಟಿನ ಗೆರೆ ಹಾಕು. ಗಂಟೆಗೊಮ್ಮೆ ಫೋಟೋ, ದಿನಾಂಕ ಸಮಯ ಮೂಡುವ ಹಾಗೆ. ನೀರಿನ ಬಿಸಿಯನ್ನೂ ಬರಿ, ಸಾಮಾನ್ಯ ಥರ್ಮಾಮೀಟರ್ ಸಾಕು. ಕನಿಷ್ಠ ಮೂವತ್ತು ದಿನ.

ಕೇಳುವುದೂ ಸ್ಪಷ್ಟವಾಗಿರಲಿ. ಮುಚ್ಚಬೇಡಿ ಅನ್ನಬೇಡ, ನಿಧಾನ ಮುಚ್ಚಿ ಅನ್ನು. ಅರ್ಧ ಗಂಟೆಯಲ್ಲಿ ಇಳಿಸುವ ನೀರನ್ನು ಮೂರು ಗಂಟೆಯಲ್ಲಿ ಇಳಿಸಿದರೆ ಮೀನು ಮಡುವಿಗೆ ಸರಿದುಕೊಳ್ಳುತ್ತದೆ. ಒಡ್ಡಿನ ತಳದಲ್ಲಿ ಬಾಗಿಲಿಲ್ಲದ ಒಂದು ತೂಬು, ಯಾರೂ ಮುಚ್ಚಲಾಗದ್ದು, ಇಡಿಸಬೇಕು. ಇಷ್ಟು ವರ್ಷ ಗೇಟು ಮುಚ್ಚಿ ಅಂತ ಆರ್ಡರ್ ಬಂದಾಗ ನಾನೂ ಮುಚ್ಚಿಸಿದ್ದೇನೆ. ಕೆಳಗೆ ಇಳಿದು ಗುಂಡಿ ನೋಡಲು ಒಂದು ದಿನವೂ ಹೋಗಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗಾಳಗಾರ ಮೈಸೂರು

ಥರ್ಮಾಮೀಟರ್ ನಾನು ತರುತ್ತೇನೆ. ಶನಿವಾರ ಬರಬಹುದಾ?

ಕಾನೂನು ಓದುವವಳು

ಮೂವತ್ತು ದಿನದ ಲೆಕ್ಕ ಆದ ಮೇಲೆ ಅರ್ಜಿ ನಾನು ಬರೆದುಕೊಡುತ್ತೇನೆ. ಜಿಲ್ಲಾಧಿಕಾರಿಗೆ, ಮೀನುಗಾರಿಕೆ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೊಂದು ಪ್ರತಿ. ಘಟಕಕ್ಕೆ ಅನುಮತಿ ಕೊಡುವಾಗ ಎಷ್ಟು ನೀರು ಬಿಡಬೇಕು ಅಂತ ಷರತ್ತು ಹಾಕಿದ್ದಾರಾ ಅಂತ ಮಾಹಿತಿ ಹಕ್ಕಿನಲ್ಲಿ ಇವತ್ತೇ ಕೇಳುತ್ತೇನೆ.

ಮೀನಂಗಡಿ ಅಕ್ಕ

ಬೆಸ್ತರ ಸಂಘದವರನ್ನೂ ಸೇರಿಸ್ಕೊಳ್ಳಿ ತಮ್ಮ. ಒಬ್ಬನೇ ಹೋದ್ರೆ ಹುಡುಗ ಅಂತಾರೆ.

ಹೊಳೆದಂಡೆ ಹುಡುಗ

ಗೆರೆ ಹಾಕಿದ್ದೇನೆ ಸಾರ್. ಅಪ್ಪನೇ ಬಂಡೆ ತೋರಿಸಿದರು, ಅವರ ಕಾಲದಲ್ಲಿ ತೆಪ್ಪ ಕಟ್ಟುತ್ತಿದ್ದ ಬಂಡೆ. ಅಕ್ಕನ ಮಗ ಪೇಂಟ್ ಡಬ್ಬಿ ಹಿಡಿದಿದ್ದ. ಮೊದಲ ದಿನದ ಲೆಕ್ಕ ಇಲ್ಲಿದೆ.

ಬೆಳಿಗ್ಗೆ 6ಕ್ಕೆ 45 ಸೆಂಟಿಮೀಟರ್. 7ಕ್ಕೆ 45. 8ಕ್ಕೆ 45. 9ಕ್ಕೆ 40. 9:30ಕ್ಕೆ 10. 10ಕ್ಕೆ ಗೆರೆಯ ಕೆಳಗೆ, ಬಂಡೆಯ ಬುಡ ಒಣಗಿದೆ. ಸಂಜೆ 6:30ರವರೆಗೆ ಹಾಗೇ. 6:45ಕ್ಕೆ 30. 7ಕ್ಕೆ 45.

ಗುಂಡಿಯಿಂದ ಎತ್ತಿ ಮಡುವಿಗೆ ಬಿಟ್ಟಿದ್ದು 112 ಮೀನು. ಸತ್ತದ್ದನ್ನು ಎಣಿಸಲು ಕಾಗೆ ಬಿಡಲಿಲ್ಲ. ನಾಳೆ ಗಾಳಗಾರ ಸಾರ್ ಬರುತ್ತಾರೆ, ಇಬ್ಬರು ಎಣಿಸುತ್ತೇವೆ.